ಕಲ್ಯಾಣಪ್ಪನ ಕಾಟಕಾಯಿ

1837ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಮಂಗಳೂರು ಪಟ್ಟಣವು ಹದಿಮೂರು ದಿನಗಳ ಕಾಲ ಇಂಗ್ಲಿಷರ ಕೈತಪ್ಪಿ ಹೋಗಿದ್ದಿತು. ಸಿಪಾಯಿಗಳ ದೊಡ್ಡ ದಂಗೆಗೆ ಇಪ್ಪತ್ತು ವರ್ಷ ಮೊದಲೇ ನಡೆದ ಈ ಸಂಗತಿಗೆ ಮೂರು ಹೆಸರುಗಳುಂಟು. ಕುಂಪಣಿ ಸರಕಾರದವರು ಇದನ್ನು ದಂಗೆಯೆಂದು ಕರೆದರು. ಈಚಿನ ಇತಿಹಾಸಕಾರರು ಅಮರ ಸುಳ್ಯದ ಸ್ವಾತಂತ್ರ್ಯ ಸಮರವೆಂದು ಕರೆದಿದ್ದಾರೆ. ಆದರೆ ತುಳುನಾಡಿನ ಜನರ ಬಾಯಲ್ಲಿ ಉಳಿದು ಬಂದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಕಾಟ ಕೊಟ್ಟು ಸುಲಿಯುವುದು, ಲೂಟಿ. ಒಂದೇ ಘಟನೆಯು ಒಬ್ಬರಿಗೆ ರಾಜದ್ರೋಹವಾಗಿಯೂ, ಇನ್ನೊಬ್ಬರಿಗೆ ಸ್ವಾತಂತ್ರ್ಯ ಯುದ್ಧವಾಗಿಯೂ, ಮತ್ತೊಬ್ಬರಿಗೆ ಕೊಳ್ಳೆಯಾಗಿಯೂ ಕಾಣುವುದು ಹೇಗೆ ಎಂಬುದನ್ನು ವಿಚಾರ ಮಾಡುವುದೇ ಈ ಭಾಷಣದ ಉದ್ದೇಶ.

ಮೊದಲು ಆ ಸೀಮೆಯ ಸ್ಥಿತಿಯನ್ನು ತಿಳಿಯಬೇಕು. ನೇತ್ರಾವತಿಯ ಎರಡು ದಡಗಳಲ್ಲಿಯೂ ಹಿಂದೆ ಜೈನ ಅರಸುಮನೆತನಗಳು ಆಳುತ್ತಿದ್ದುವು. ಮೂಡಬಿದಿರೆಯಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಬೈಲಂಗಡಿಯಲ್ಲಿ ಮೂಲರು, ಬಂಗವಾಡಿಯಲ್ಲಿಯೂ ನಂದಾವರದಲ್ಲಿಯೂ ಬಂಗರು. ವಿಜಯನಗರಕ್ಕೂ ಇಕ್ಕೇರಿಗೂ ಕಪ್ಪ ಕೊಟ್ಟು ತಮ್ಮ ತಮ್ಮ ಸೀಮೆಗಳನ್ನು ಉಳಿಸಿಕೊಂಡಿದ್ದ ಈ ಮನೆತನಗಳು ಹೈದರ್ ಮತ್ತು ಟೀಪೂ ಇವರ ಕಾಲದಲ್ಲಿ ಕುಗ್ಗಿದುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕನ್ನಡ ಜಿಲ್ಲೆಯು ಕುಂಪಣಿಗೆ ಸೇರಿತು. ಮೊದಲನೆಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಅರಸುಗಳ ಅಧಿಕಾರವನ್ನು ಒಪ್ಪಲಿಲ್ಲ. ತಿರುಗಿಬಿದ್ದ ವಿಟ್ಲದ ಹೆಗ್ಗಡೆಯವರು 1800ರಲ್ಲಿ ಗಲ್ಲಿಗೇರಿದರು. ಸುಮ್ಮನಿದ್ದ ಮನೆತನಗಳಿಗೆ ವಿಶ್ರಾಂತಿವೇತನವೂ ಹಳೆಯ ಅರಮನೆಯೂ ಉಳಿದುವು.

ಅರಸರಿಗೆ ಅಧಿಕಾರ ಹೋಯಿತು. ರೈತರಿಗೆ ಬಂದುದು ಕಂದಾಯದ ಹೊರೆ. 1830–31ರಲ್ಲಿ ಈ ಜಿಲ್ಲೆಯ ರೈತರು ಕೂಟ ಕೂಡಿ, ಕಂದಾಯ ಕೊಡುವುದಿಲ್ಲವೆಂದು ಹಟ ಹಿಡಿದರು. ಮಂಗಳೂರಿನ ಕದ್ರಿಯ ಮಂಜುನಾಥ ದೇವಸ್ಥಾನವು ಈ ಕೂಟಗಳ ಮುಖ್ಯ ಸ್ಥಾನವಾಗಿದ್ದಿತು. ಅಲ್ಲಿ ಕತ್ತಿ ಕೋವಿಗಳ ಮಾತು ಇರಲಿಲ್ಲ. ಅರ್ಜಿ, ವಿಜ್ಞಾಪನೆ, ಗುಂಪುಕೂಡುವಿಕೆ ಇಷ್ಟೇ. ಆರು ವರ್ಷಗಳ ಮೇಲೆ ನಡೆದುದನ್ನು ತಿಳಿಯಬೇಕಾದರೆ ಈ ಕೂಟಗಳನ್ನು ಮರೆಯಬಾರದು. ರೈತನು ಮೊದಲು ಆಯುಧವನ್ನು ಹಿಡಿದವನಲ್ಲ, ಮೊದಲು ಅರ್ಜಿಯನ್ನು ಹಿಡಿದವನು.

ಇನ್ನು ಘಟ್ಟದ ಬುಡದ ಕಡೆಗೆ ಬರೋಣ. ಅಮರ ಸುಳ್ಯ, ಬೆಳ್ಳಾರೆ, ಪಂಜ ಮೊದಲಾದ ಭಾಗಗಳು ಘಟ್ಟದ ಕೆಳಗಿದ್ದರೂ ಕೊಡಗಿನ ಹಾಲೇರಿ ಅರಸರ ಆಳಿಕೆಗೆ ಸೇರಿದ್ದುವು. 1834ರಲ್ಲಿ ಕುಂಪಣಿಯು ಚಿಕವೀರರಾಜನ ಮೇಲೆ ಸುಮಾರು 6,000 ಜನರ ಸೈನ್ಯವನ್ನು ನಾಲ್ಕು ದಿಕ್ಕುಗಳಿಂದ ಕಳುಹಿಸಿತು. ಈ ದಂಡಯಾತ್ರೆಯು ಸುಲಭವಾಗಿ ಮುಗಿಯಲಿಲ್ಲ. ಉತ್ತರದ ಪಡೆಯಲ್ಲಿ ಕರ್ನಲ್ ಮಿಲ್ ಮಡಿದನು. ಕುಂಬಳೆಯ ಕಡೆಯಿಂದ ಹೊರಟ ಕರ್ನಲ್ ಜಾಕ್ಸನನ ಪಡೆಯು ಕಾಡಿನೊಳಗಣ ಕಟ್ಟೆಯ ಮುಂದೆ ಪೆಟ್ಟು ತಿಂದು ಹಿಂದಿರುಗಿತು. ಆದರೂ ಪೂರ್ವದಿಂದ ಬಂದ ಪಡೆಯು ಮಡಿಕೇರಿಯನ್ನು ಹೊಕ್ಕಿತು. ಅದೇ ವರ್ಷದ ಮೇ 7ರಂದು ಕೊಡಗು ಕುಂಪಣಿಗೆ ಸೇರಿತೆಂದು ಸಾರಲಾಯಿತು.

ಆಗ ಸುಳ್ಯದ ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಕೂಡಿಸಿದರು. ಕಚೇರಿಯಲ್ಲಿ ಕುಳಿತವರಿಗೆ ಇದು ನಕ್ಷೆಯ ಮೇಲೆ ಗೆರೆ ಎಳೆಯುವಷ್ಟೇ ಸುಲಭದ ಕಾರ್ಯ. ಆದರೆ ಕೊಡಗಿನ ಅರಸರ ಕಾಲದಲ್ಲಿ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಜಿಲ್ಲೆಯ ಪದ್ಧತಿಯಂತೆ ಇನ್ನು ಮುಂದೆ ನಾಣ್ಯವನ್ನೇ ಕೊಡಬೇಕಾಯಿತು. ಭತ್ತ ಬೆಳೆಯುವವನ ಮನೆಯಲ್ಲಿ ಭತ್ತವಿರುತ್ತದೆಯೇ ಹೊರತು ರೂಪಾಯಿ ಇರುವುದಿಲ್ಲ. ಕಂತಿನ ದಿನಕ್ಕೆ ಸರಿಯಾಗಿ ನಾಣ್ಯ ಬೇಕಾದರೆ ಬೆಲೆ ಇಳಿದಿರುವ ಸುಗ್ಗಿಯಲ್ಲಿಯೇ ಭತ್ತವನ್ನು ಮಾರಬೇಕು, ಇಲ್ಲವೆ ಸಾಲ ತರಬೇಕು. ಸರಕಾರವು ಕಂದಾಯವನ್ನು ಒಂದು ಕಾಸಿನಷ್ಟು ಹೆಚ್ಚಿಸದೆ ಇದ್ದರೂ ರೈತನಿಗೆ ಹೊರೆ ಹೆಚ್ಚುವ ಬಗೆ ಇದು.

ಈ ಅಸಮಾಧಾನಕ್ಕೆ ಒಂದು ಹೆಸರು ಬೇಕಾಗಿತ್ತು. ಹಾಲೇರಿ ವಂಶದ ಕಲ್ಯಾಣಸ್ವಾಮಿಯು ಬದುಕಿದ್ದಾನೆ, ರಾಜ್ಯವನ್ನು ಮರಳಿ ಪಡೆಯಲು ಬಂದಿದ್ದಾನೆ ಎಂಬ ಸುದ್ದಿ ಹಬ್ಬಿತು. ಆ ಹೆಸರನ್ನು ಹೊತ್ತು ಮುಂದೆ ನಿಂತವನು ಕೊಡಗಿನ ಉತ್ತರ ಭಾಗದ ಪುಟ್ಟಬಸಪ್ಪನೆಂಬ ರೈತ. ಅವನೊಡನೆ ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ, ಕುಜುಗೋಡು ಮಲ್ಲಪ್ಪ ಗೌಡ, ಹುಲಿಕಡಿದ ನಂಜಯ್ಯ ಮೊದಲಾದವರು ಸೇರಿದರು. ಪುಟ್ಟಬಸಪ್ಪನು ರಾಜಕುಮಾರನಲ್ಲವೆಂಬುದು ಮುಂದಾಳುಗಳಿಗೆ ತಿಳಿದೇ ಇದ್ದಿತು. ಆದರೆ ಗೌಡರ ಹೆಸರಿನಲ್ಲಿ ಸೇರದ ಜನವು ಅರಸನ ಹೆಸರಿನಲ್ಲಿ ಸೇರುವುದೆಂಬುದೂ ಅವರಿಗೆ ತಿಳಿದಿದ್ದಿತು.

ಇಂತಹ ವೇಷವು ನಮ್ಮ ಸೀಮೆಗೆ ಮಾತ್ರ ಸೇರಿದುದಲ್ಲ. 1897ರಲ್ಲಿ ವಾಯವ್ಯ ಗಡಿನಾಡಿನ ಪಠಾಣರು ಮಲಕಂದದ ಠಾಣೆಯ ಮೇಲೆ ಬಿದ್ದಾಗ, ಅವರನ್ನು ಎಬ್ಬಿಸಿದ ಫಕೀರನು ದಿಲ್ಲಿಯ ಸಿಂಹಾಸನದ ವಾರಸುದಾರನೆಂದು ಒಬ್ಬ ಬಾಲಕನನ್ನು ಮುಂದಿಟ್ಟುಕೊಂಡಿದ್ದನು. ಗುಡ್ಡಗಾಡಿನ ಜನರು ಹೊಸ ಅಧಿಕಾರದ ಮೇಲೆ ಏಳುವಾಗ ಹಳೆಯ ಅಧಿಕಾರದ ನೆರಳನ್ನು ಹುಡುಕುವುದು ಸಹಜ. ನೆರಳು ಸುಳ್ಳೆಂದ ಮಾತ್ರಕ್ಕೆ ಬಿಸಿಲು ಸುಳ್ಳಾಗುವುದಿಲ್ಲ.

1837ನೆಯ ಮಾರ್ಚ್ 30ರ ಸುಮಾರಿಗೆ ಸುಳ್ಯದ ಸೀಮೆಯಲ್ಲಿ ಕುಂಪಣಿಯ ನೌಕರನಾಗಿದ್ದ ಅಟ್ಲೂರು ರಾಮಪ್ಪಯ್ಯನ ಕೊಲೆಯೊಂದಿಗೆ ದಂಗೆಯು ಆರಂಭವಾಯಿತು. ಬೆಳ್ಳಾರೆಯ ಖಜಾನೆಯು ದಂಗೆಕಾರರ ವಶವಾಯಿತು. ಮಂಗಳೂರಿನಿಂದ ಸಿಪಾಯಿಗಳೊಡನೆ ಪುತ್ತೂರಿನವರೆಗೆ ಬಂದ ಕಲೆಕ್ಟರು ಗುಂಪಿನ ಗಾತ್ರವನ್ನು ಕಂಡು ಹಿಂದಿರುಗಬೇಕಾಯಿತು. ಆ ಹಿಮ್ಮೆಟ್ಟುವಿಕೆಯೇ ದಂಗೆಗೆ ದೊಡ್ಡ ಬಲವನ್ನು ಕೊಟ್ಟಿತು. ಸರಕಾರವು ಓಡುತ್ತಿದೆಯೆಂದು ತಿಳಿದ ಮೇಲೆ ಹಿಂದೆ ನಿಂತವರೂ ಮುಂದೆ ಬಂದರು.

ದಾರಿಯು ಪುತ್ತೂರಿನಿಂದ ಪಾಣೆಮಂಗಳೂರು, ಬಂಟ್ವಾಳಗಳ ಮೇಲೆ ಹೋಗುವುದು. ಬಂಟ್ವಾಳವು ನೇತ್ರಾವತಿಯ ದಡದ ವ್ಯಾಪಾರದ ಊರು. ಮಂಗಳೂರಿನಿಂದ ದೋಣಿಗಳ ಮೇಲೆ ಬಂದ ಸರಕು ಇಲ್ಲಿಳಿದು, ಎತ್ತಿನ ಹೇರುಗಳಲ್ಲಿ ಘಟ್ಟವನ್ನು ಹತ್ತುತ್ತಿದ್ದಿತು. ಇಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸನು ದಂಗೆಕಾರರನ್ನು ಕೂಡಿಕೊಂಡನು. ಅಧಿಕಾರವನ್ನು ಕಳೆದುಕೊಂಡ ಅರಸನೂ, ನಾಣ್ಯಕ್ಕಾಗಿ ನವೆದ ರೈತನೂ ನೇತ್ರಾವತಿಯ ದಡದಲ್ಲಿ ಒಂದಾದರು. ಒಬ್ಬನಿಗೆ ಬೇಕಾದುದು ಹಿಂದಿನ ಕಾಲ. ಇನ್ನೊಬ್ಬನಿಗೆ ಬೇಕಾದುದು ಮುಂದಿನ ಕಂತಿನಿಂದ ಬಿಡುಗಡೆ.

ಬಂಟ್ವಾಳದಲ್ಲಿ ಕುಂಪಣಿಯ ಖಜಾನೆಯೊಂದಿಗೆ ಪೇಟೆಯೂ ಲೂಟಿಯಾಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಘಟ್ಟದ ಬುಡದ ರೈತನು ಕುಂಪಣಿಯ ಸಾಹೇಬನ ಮುಖವನ್ನು ಕಂಡವನಲ್ಲ. ಅವನು ಕಂಡಿದ್ದುದು ತನ್ನ ಭತ್ತಕ್ಕೆ ಕಡಿಮೆ ಬೆಲೆಯನ್ನು ಕಟ್ಟಿದ ವ್ಯಾಪಾರಿಯನ್ನು. ದೂರದ ಸರಕಾರದ ಮೇಲಿನ ಸಿಟ್ಟು ಹತ್ತಿರದ ಅಂಗಡಿಯ ಮೇಲೆ ತೀರಿತು. ಆದರೆ ಬಾಗಿಲು ಮುರಿಸಿಕೊಂಡ ಮನೆಯವರಿಗೆ ಈ ತರ್ಕದಿಂದ ಏನು ಸಮಾಧಾನ? ‘ಕಾಟಕಾಯಿ’ ಎಂಬ ಹೆಸರು ನಿಂತುದು ಹೀಗೆ. ಅದು ಶತ್ರುವು ಕಟ್ಟಿದ ನಿಂದೆಯಲ್ಲ, ಪೆಟ್ಟು ತಿಂದವರ ನೆನಪು.

ಏಪ್ರಿಲ್ 5ರಂದು ಗುಂಪು ಮಂಗಳೂರನ್ನು ಹೊಕ್ಕಿತು. ಸೆರೆಮನೆಯ ಬಾಗಿಲುಗಳು ತೆರೆದುವು. ಕಚೇರಿಯೂ ಅಧಿಕಾರಿಗಳ ಮನೆಗಳೂ ಉರಿದುವು. ಇಂಗ್ಲಿಷ್ ಅಧಿಕಾರಿಗಳು ಹಡಗನ್ನೇರಿ ಕಣ್ಣಾನೂರಿಗೆ ಹೋದರು. ಬಾವುಟಗುಡ್ಡೆಯ ಮೇಲೆ ಕುಂಪಣಿಯ ನಿಶಾನೆಯನ್ನು ಇಳಿಸಿ ಹಾಲೇರಿಯ ನಿಶಾನೆಯನ್ನು ಏರಿಸಿದರು. ಆದರೆ ಪಟ್ಟಣವನ್ನು ಹಿಡಿಯುವುದು ಒಂದು, ಆಳುವುದು ಇನ್ನೊಂದು. ಕಡಲು ಇಂಗ್ಲಿಷರ ಕೈಯಲ್ಲಿಯೇ ಇದ್ದಿತು. ಕಣ್ಣಾನೂರಿನಿಂದಲೂ ಮುಂಬಯಿಯಿಂದಲೂ ಸೈನ್ಯವು ಬಂದಿಳಿದಾಗ ಗುಂಪು ಚದುರಿತು.

ಇತ್ತ ಘಟ್ಟದ ಮೇಲೆ ಕುಂಪಣಿಯನ್ನು ಕಾಪಾಡಿದುದು ಫಿರಂಗಿಯಲ್ಲ, ಕೊಡಗಿನ ದಿವಾನರು. ಅಪ್ಪಾರಂಡ ಬೋಪು ದಿವಾನರೂ ಪೊನ್ನಪ್ಪ ದಿವಾನರೂ ಕೊಡವರನ್ನು ಸೇರಿಸಿಕೊಂಡು ದಂಗೆಯ ವಿರುದ್ಧ ನಿಂತರು. ಇವರ ನಿಷ್ಠೆಗಾಗಿ ಕುಂಪಣಿಯು ಚಿನ್ನದ, ಬೆಳ್ಳಿಯ ಪದಕಗಳನ್ನು ಹಂಚಿತು. 1861ರಲ್ಲಿ ನಿರಾಯುಧೀಕರಣದ ಶಾಸನದಿಂದ ಕೊಡಗಿನವರಿಗೆ ವಿನಾಯಿತಿ ಸಿಕ್ಕಿದುದಕ್ಕೂ ಅವರ ರಾಜನಿಷ್ಠೆಯೇ ಕಾರಣವೆಂದು ಸರಕಾರವು ಹೇಳಿತು. ಮುಂದೆ ವಾಯವ್ಯ ಗಡಿಯಲ್ಲಿಯೂ ಇದೇ ನೀತಿ ನಡೆಯಿತು: ಖೈಬರ್ ಕಣಿವೆಯ ಆಫ್ರೀದಿಗಳನ್ನು ಕಾಯಲು ಆಫ್ರೀದಿಗಳದೇ ಪಡೆಯನ್ನು ಕಟ್ಟಿದರು. ನೆರೆಯವನನ್ನು ನೆರೆಯವನಿಂದಲೇ ಅಡಗಿಸುವುದು ಸಾಮ್ರಾಜ್ಯಗಳಿಗೆ ಅಗ್ಗದ ದಂಡಯಾತ್ರೆ.

ಅನಂತರ ನಡೆದುದು ಗಲ್ಲು ಮತ್ತು ಗಡೀಪಾರು. ಕಲ್ಯಾಣಸ್ವಾಮಿಯೆನಿಸಿಕೊಂಡ ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಇನ್ನು ಕೆಲವರನ್ನು ಕಡಲಾಚೆಗೆ ಕಳುಹಿಸಿದರು.

ಆಗ ಮಂಗಳೂರಿನಲ್ಲಿ ನೆಲೆಸಿದ್ದು, ಮುಂದೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್ ಪಾದ್ರಿಯು 1855ರಲ್ಲಿ ಕೊಡಗಿನ ಕುರಿತು ಬರೆದ ಇಂಗ್ಲಿಷ್ ಗ್ರಂಥದಲ್ಲಿ ಈ ದಂಗೆಯ ವೃತ್ತಾಂತವುಂಟು. ಇಪ್ಪತ್ತನೆಯ ಶತಮಾನದಲ್ಲಿ ನಿರಂಜನರು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಯನ್ನು ಬರೆದರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡನ ಕಂಚಿನ ಪ್ರತಿಮೆಯು ಅನಾವರಣಗೊಂಡಿತು. ದರೋಡೆಯೆನಿಸಿಕೊಂಡುದು ಸಮರವೆನಿಸಿಕೊಳ್ಳಲು ಹೆಚ್ಚು ಕಡಿಮೆ ಇನ್ನೂರು ವರ್ಷಗಳು ಬೇಕಾದುವು.

ಈ ಗೌರವವು ಯೋಗ್ಯವಾದುದೇ. ಕೂಟದಲ್ಲಿ ಕೇಳಿಸದ ಮಾತನ್ನು ರೈತರು ಬೇರೆ ಬಗೆಯಲ್ಲಿ ಕೇಳಿಸಿದರು. ಅದಕ್ಕಾಗಿ ಪ್ರಾಣವನ್ನೂ ಕೊಟ್ಟರು. ಆದರೆ ಪ್ರತಿಮೆಯು ನಿಂತಿತೆಂದು ಬಂಟ್ವಾಳದ ಪೇಟೆಯ ನೆನಪನ್ನು ಅಳಿಸಬೇಕಾಗಿಲ್ಲ. ದಂಗೆಯೆಂಬ ಹೆಸರು ಆಳುವವನ ಭಯವನ್ನು ಹೇಳುತ್ತದೆ. ಸಮರವೆಂಬ ಹೆಸರು ಎದ್ದವನ ಅಭಿಮಾನವನ್ನು ಹೇಳುತ್ತದೆ. ಕಾಟಕಾಯಿಯೆಂಬ ಹೆಸರು ನಡುವೆ ಸಿಕ್ಕಿದ ಬಡಪಾಯಿಯ ನಷ್ಟವನ್ನು ಹೇಳುತ್ತದೆ. ಮೂರರಲ್ಲಿ ಯಾವ ಒಂದನ್ನು ಬಿಟ್ಟರೂ ನಮ್ಮ ಸೀಮೆಯ ಚರಿತ್ರೆಯಲ್ಲಿ ಒಂದು ಪುಟ ಹರಿದಂತೆಯೇ ಸರಿ.