ಮಾಮಾನ ಬೀಡಿ, ನನ್ನ ವೇಪ್

ಹೋದ ತಿಂಗಳು ಊರಿಂದ ನನ್ನ ಸೋದರಮಾವ ಬಂದಿದ್ದರು. ಕೆಮ್ಮು ನಿಂತಿರಲಿಲ್ಲ, ಎದೆ ತೋರಿಸಬೇಕಿತ್ತು. ನಾನು ಆಫೀಸಿನ ಕಾಲ್ ಮುಗಿಸಿ ಬಾಲ್ಕನಿಯಿಂದ ಒಳಗೆ ಬಂದರೆ, ಮಾಮಾ ಟೇಬಲ್ ಮೇಲಿದ್ದ ನನ್ನ ವೇಪ್ ಕೈಯಲ್ಲಿ ಹಿಡ್ಕೊಂಡು, ತಿರುಗಿಸಿ ತಿರುಗಿಸಿ ನೋಡ್ತಾ ಇದ್ರು.

“ಅಳಿಯಾ, ಇದರಾಗ ಹೊಗಿನ ಇರೂದಿಲ್ಲಂತಲ್ಲೋ? ಬೀಡಿ ಬಿಟ್ಟು ಇದನ್ನ ಸೇದಿದ್ರ ನನಗ ನಡೀತೈತೇನು?”

ಹೂಂ ಅನ್ನೋಕೂ ಆಗಲಿಲ್ಲ, ಉಹೂಂ ಅನ್ನೋಕೂ ಆಗಲಿಲ್ಲ. ಆ ‘ನನಗ’ ಅನ್ನೋ ಮಾತಿನಲ್ಲೇ ಎಲ್ಲ ಇತ್ತು. ಮಾಮಾ ಲಾರಿ ಓಡಿಸ್ತಿದ್ದವರು. ನಾನು ಪಿಯುಸಿ ಓದುವಾಗ, 2006ರಲ್ಲಿ, ಅವರಿಗೆ ಎಚ್‌ಐವಿ ಇದೆ ಅಂತ ಗೊತ್ತಾಯ್ತು. ಇದನ್ನು ಬರೆಯಲಾ ಅಂತ ಅವರನ್ನೇ ಕೇಳಿದೆ. “ಊರ ಹೆಸರು ಬರೀಬ್ಯಾಡ, ಉಳಿದದ್ದು ಬರಿ” ಅಂದರು.

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿದ್ದು ಕೊನೆಗೆ ಇತಿಹಾಸವಾಯ್ತು. ಕೋಡ್‌ನಲ್ಲಿ ಬಗ್ ಬಂದರೆ ಹಳೇ ಲಾಗ್ ತೆಗೆದು ನೋಡೋದು ನಮಗೆ ಅಭ್ಯಾಸ ಅಲ್ವಾ, ಹಾಗೆ.

1981ರ ಜೂನ್ 5ರಂದು ಅಮೆರಿಕದ ಸರಕಾರಿ ಆರೋಗ್ಯ ವಾರಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಬಂತು. ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದಿದೆ ಅಂತ. ಅಂದರೆ ಏಡ್ಸ್ ಜಗತ್ತಿಗೆ ಮೊದಲು ಕಂಡದ್ದೇ ಶ್ವಾಸಕೋಶದಲ್ಲಿ. ಐದು ವರ್ಷದ ನಂತರ, 1986ರಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ತಮ್ಮ ಗುರು ಸುನೀತಿ ಸಾಲೊಮನ್ ಹೇಳಿದಂತೆ, ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿದರು. ಇಡೋಕೆ ಸರಿಯಾದ ಜಾಗ ಇಲ್ಲದೆ ಮನೆಯ ಫ್ರಿಜ್‌ನಲ್ಲಿಟ್ಟು, ಆಮೇಲೆ ವೆಲ್ಲೂರಿಗೆ ಒಯ್ದರು. ಆರು ಮಾದರಿಗಳಲ್ಲಿ ವೈರಸ್ ಸಿಕ್ಕಿತು. ಅಲ್ಲಿಯವರೆಗೆ ‘ಇದು ನಮ್ಮ ದೇಶದ ರೋಗ ಅಲ್ಲ’ ಅಂತ ಕೂತಿದ್ದವರೆಲ್ಲ ಎದ್ದು ನಿಂತರು.

1996ರ ಹೊತ್ತಿಗೆ ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ಬಂತು. ಜನ ಸಾಯೋದು ಕಡಿಮೆಯಾಯ್ತು. ಆದರೆ ವರ್ಷಕ್ಕೆ 10,000 ಡಾಲರಿಗೂ ಮೇಲೆ ಖರ್ಚು. 2001ರ ಫೆಬ್ರವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಅದನ್ನೇ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡ್ತೀನಿ ಅಂದರು. 2004ರ ಏಪ್ರಿಲ್ 1ರಿಂದ ಭಾರತ ಸರಕಾರ ಉಚಿತ ಎಆರ್‌ಟಿ ಶುರು ಮಾಡಿತು. ಮೊದಲು ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಮಾಮಾ ಇವತ್ತು ಇರೋದು ಆ ಗುಳಿಗೆಯಿಂದ. ಎರಡು ವರ್ಷ ಮೊದಲೇ ರೋಗ ಉಲ್ಬಣಿಸಿದ್ದಿದ್ದರೆ ನನ್ನ ಸೋದರಮಾವ ಗೋಡೆ ಮೇಲಿನ ಫೋಟೋ ಆಗಿರ್ತಿದ್ದರು.

ಇಷ್ಟು ನಮಗೆ ಅಲ್ಪಸ್ವಲ್ಪ ಗೊತ್ತಿರುವ ಕಥೆ. ಇದರ ಪಕ್ಕದಲ್ಲೇ ಓಡುವ ಇನ್ನೊಂದು ಕಥೆ ನನಗೆ ಗೊತ್ತೇ ಇರಲಿಲ್ಲ.

1990ರಲ್ಲಿ ಅಮೆರಿಕದ ಏಡ್ಸ್ ಹೋರಾಟಗಾರರ ಸಂಘಟನೆ ‘ಆಕ್ಟ್ ಅಪ್’ ಮಾರ್ಲ್‌ಬೊರೊ ಸಿಗರೇಟನ್ನು ಬಹಿಷ್ಕರಿಸಲು ಕರೆ ಕೊಟ್ಟಿತು. ಕಾರಣ ಸಿಗರೇಟು ಎದೆ ಸುಡುತ್ತೆ ಅಂತಲ್ಲ. ಮಾರ್ಲ್‌ಬೊರೊ ಮಾಡುವ ಫಿಲಿಪ್ ಮಾರಿಸ್ ಕಂಪನಿ, ಸಲಿಂಗಿಗಳನ್ನೂ ಏಡ್ಸ್ ಅನುದಾನವನ್ನೂ ವಿರೋಧಿಸುತ್ತಿದ್ದ ಸೆನೆಟರ್ ಜೆಸ್ಸಿ ಹೆಲ್ಮ್ಸ್‌ಗೆ ಬೆಂಬಲ ಕೊಡ್ತಿತ್ತು ಅಂತ. ಮರುವರ್ಷ ಬಹಿಷ್ಕಾರ ಮುಗಿಯಿತು. ಏಡ್ಸ್ ಕೆಲಸಕ್ಕೆ ಕೊಡುವ ದೇಣಿಗೆ ಹೆಚ್ಚಿಸ್ತೀವಿ ಅಂತ ಕಂಪನಿ ಒಪ್ಪಿಕೊಂಡಿತು. 1992ರಲ್ಲಿ ಅದೇ ಕಂಪನಿ ಸಲಿಂಗಿಗಳ ಪತ್ರಿಕೆಯೊಂದರಲ್ಲಿ ಸಿಗರೇಟಿನ ಜಾಹೀರಾತು ಹಾಕಿತು. ಬೀದಿಯಲ್ಲಿ ಜಗಳ ಆಡಿದವರೇ ಹೊಸ ಗಿರಾಕಿಗಳಾಗಿ ಕಂಡಿದ್ದರು.

ಹೋರಾಟಗಾರರನ್ನು ದೂರಿ ಉಪಯೋಗವಿಲ್ಲ. ವಾರಕ್ಕೊಬ್ಬ ಗೆಳೆಯನನ್ನು ಮಣ್ಣು ಮಾಡಿ ಬರುವವರಿಗೆ, ಇಪ್ಪತ್ತು ವರ್ಷದ ನಂತರ ಬರಬಹುದಾದ ಕ್ಯಾನ್ಸರಿನ ಚಿಂತೆ ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷ ಬದುಕ್ತೀವಿ ಅನ್ನೋ ನಂಬಿಕೆಯೇ ಇರಲಿಲ್ಲ.

1990ರ ದಶಕದ ಮಧ್ಯದಲ್ಲಿ ಆರ್.ಜೆ. ರೆನಾಲ್ಡ್ಸ್ ಎಂಬ ಇನ್ನೊಂದು ಸಿಗರೇಟು ಕಂಪನಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಯೋಜನೆ ಹಾಕಿತು. ಕ್ಯಾಸ್ಟ್ರೊ ಬಡಾವಣೆಯ ಸಲಿಂಗಿಗಳಿಗೆ, ಟೆಂಡರ್‌ಲಾಯ್ನ್‌ನ ಮನೆಯಿಲ್ಲದವರಿಗೆ ಸಿಗರೇಟು ಮಾರಬೇಕು ಅಂತ. ಏಡ್ಸ್ ಅತಿ ಹೆಚ್ಚು ಬಲಿ ತೆಗೆದುಕೊಂಡ ಜಾಗಗಳಲ್ಲಿ ಕ್ಯಾಸ್ಟ್ರೊ ಒಂದು. ಯೋಜನೆಯ ಸಂಕ್ಷಿಪ್ತ ಹೆಸರು ‘ಸ್ಕಮ್’. ಕೊಳಚೆಯ ಮೇಲೆ ತೇಲುವ ಕಶ್ಮಲಕ್ಕೆ ಇಂಗ್ಲಿಷಿನಲ್ಲಿ ಹಾಗಂತಾರೆ, ಮನುಷ್ಯರನ್ನು ಬೈಯೋಕೂ ಅದೇ ಪದ. ಕಂಪನಿಯ ಒಳಗಿನ ಕಾಗದಪತ್ರಗಳು ಆಮೇಲೆ ಹೊರಬಿದ್ದಾಗಲೇ ಇದು ಲೋಕಕ್ಕೆ ಗೊತ್ತಾದದ್ದು.

ಗುಳಿಗೆಗಳು ಜನರನ್ನು ಬದುಕಿಸಿದವು. ಆಗ ಹೊಗೆಯ ಲೆಕ್ಕ ಶುರುವಾಯ್ತು. ಡೆನ್ಮಾರ್ಕ್‌ನ ಸಂಶೋಧಕರು ಇಡೀ ದೇಶದ ಎಚ್‌ಐವಿ ರೋಗಿಗಳ ದಾಖಲೆ ಇಟ್ಟುಕೊಂಡು 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಚಿಕಿತ್ಸೆಯೂ ಇದೆ, ಧೂಮಪಾನವೂ ಇದೆ ಅನ್ನುವ 35 ವರ್ಷದವರ ಆಯುಸ್ಸಿನಲ್ಲಿ ಎಚ್‌ಐವಿ ಕಳೆಯೋದು ಸುಮಾರು 5 ವರ್ಷ. ಸಿಗರೇಟು ಕಳೆಯೋದು 12 ವರ್ಷಕ್ಕೂ ಹೆಚ್ಚು. 2017ರಲ್ಲಿ ಬಂದ ಅಮೆರಿಕದ ಇನ್ನೊಂದು ಲೆಕ್ಕ ಹೇಳಿದ್ದು: ಗುಳಿಗೆ ತಪ್ಪಿಸದ, ಆದರೆ ಸಿಗರೇಟು ಬಿಡದ ಎಚ್‌ಐವಿ ಇರುವವರು ಏಡ್ಸ್‌ನಿಂದ ಸಾಯುವುದಕ್ಕಿಂತ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ 6ರಿಂದ 13 ಪಟ್ಟು ಹೆಚ್ಚು. ವೈರಸ್ ಹಿಡಿತದಲ್ಲಿದ್ದರೂ ಮೈಯೊಳಗೆ ಸಣ್ಣ ಉರಿಯೂತ ನಡೀತಾನೇ ಇರುತ್ತೆ. ಹೊಗೆ ಅದಕ್ಕೆ ತುಪ್ಪ ಸುರಿದ ಹಾಗೆ. ನಮ್ಮ ದೇಶದಲ್ಲಂತೂ ಮೇಲೆ ಕ್ಷಯದ ಭಯ.

ಮಾಮಾನ್ನ ಕೇಳಿದೆ, “ಎಆರ್‌ಟಿ ಸೆಂಟರ್‌ನ್ಯಾಗ ಬೀಡಿ ಬಗ್ಗೆ ಯಾರರ ಕೇಳ್ಯಾರೇನ್ರಿ?”

“ಗುಳಿಗಿ ತಪ್ಪಿಸಿಯೇನು ಅಂತ ಪ್ರತಿ ಸಲ ಕೇಳ್ತಾರ. ಬೀಡಿ ಸುದ್ದಿ ಯಾರೂ ತಗದಿಲ್ಲ.”

ಈಗ ವೇಪ್‌ಗೆ ಬರೋಣ. 2003ರ ಸುಮಾರಿಗೆ ಇದಕ್ಕೆ ಈಗಿನ ರೂಪ ಕೊಟ್ಟವರು ಹೊನ್ ಲಿಕ್ ಎಂಬ ಚೀನಾದ ಔಷಧ ತಜ್ಞ. ಸ್ವತಃ ವಿಪರೀತ ಸೇದುತ್ತಿದ್ದವರು. ಅವರ ಅಪ್ಪ ಸತ್ತದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. ಅಂದರೆ ಇದು ಹುಟ್ಟಿದ್ದು ಮಾಮಾ ಕೇಳಿದ ಪ್ರಶ್ನೆಯಿಂದಲೇ: ಸುಡದೆ ನಿಕೋಟಿನ್ ಕೊಡಬಹುದಾ? ಎಲೆ ಸುಡದಿದ್ದರೆ ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲದಷ್ಟೇ ಕಡಿಮೆ. ಬ್ರಿಟನ್ನಿನ ಸರಕಾರಿ ಆರೋಗ್ಯ ಸಂಸ್ಥೆ 2015ರಲ್ಲಿ ಇದು ಸಿಗರೇಟಿಗಿಂತ 95% ಕಡಿಮೆ ಹಾನಿ ಅಂತ ಹೇಳಿತು. ಆ ಅಂಕಿಗೆ ಆಧಾರ ಸಾಲದು ಅಂತ ತಕರಾರುಗಳೂ ಬಂದವು. ಸಿಗರೇಟು ಬಿಡೋಕೆ ಕೆಲವರಿಗೆ ಇದರಿಂದ ಸಹಾಯ ಆಗಿದೆ ಅನ್ನೋದೂ ನಿಜ.

ಆದರೆ ಮಾರೋದು ಯಾರು ನೋಡಿ. ರೆನಾಲ್ಡ್ಸ್ ‘ವ್ಯೂಸ್’ ಎಂಬ ತನ್ನದೇ ವೇಪ್ ತಂದಿತು. ಫಿಲಿಪ್ ಮಾರಿಸ್ ಅಲ್ಟ್ರಿಯಾ ಅಂತ ಹೆಸರು ಬದಲಿಸಿಕೊಂಡು, 2018ರ ಡಿಸೆಂಬರಿನಲ್ಲಿ 1,280 ಕೋಟಿ ಡಾಲರ್ ಕೊಟ್ಟು ‘ಜೂಲ್’ ವೇಪ್ ಕಂಪನಿಯ 35% ಪಾಲು ಕೊಂಡಿತು. ಅಂಗಡಿಯ ಬೋರ್ಡು ಬದಲಾಯ್ತು, ಗಲ್ಲಾದ ಮೇಲೆ ಕೂತವರು ಅವರೇ.

ಕರ್ನಾಟಕ ಇದನ್ನು 2016ರಲ್ಲೇ ನಿಷೇಧಿಸಿತು. 2019ರಲ್ಲಿ ಇಡೀ ದೇಶದಲ್ಲಿ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲ ನಿಂತಿತು. ಬೀಡಿ ಮಾತ್ರ ಊರಿನ ಪ್ರತಿ ಡಬ್ಬಿ ಅಂಗಡಿಯಲ್ಲೂ ಸಿಗುತ್ತೆ. ಇನ್ನು ವೇಪ್? ನನಗೆ ಸಿಗ್ತಿತ್ತಲ್ಲ! ಒಂದು ಮೆಸೇಜ್ ಹಾಕಿದರೆ ಮನೆಗೇ ಬರ್ತಿತ್ತು. ಒಳಗೆ ಏನಿದೆ, ಎಷ್ಟು ನಿಕೋಟಿನ್ ಇದೆ ಅಂತ ಪರೀಕ್ಷೆ ಮಾಡುವವರು ಯಾರೂ ಇಲ್ಲ. ಕಳ್ಳಮಾಲಿಗೆ ಕ್ವಾಲಿಟಿ ಟೆಸ್ಟಿಂಗ್ ಇರೋದಿಲ್ಲ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಸಿಗರೇಟು ಬಿಡೋಕೆ ವೇಪ್ ಹಿಡಿದವನಲ್ಲ. ಸಿಗರೇಟೇ ಸೇದ್ತಿರಲಿಲ್ಲ. ಒಂದು ರಿಲೀಸ್ ಸಮಯದಲ್ಲಿ ರಾತ್ರಿಯಿಡೀ ಕೂತಾಗ ಟೀಮಿನವರೊಬ್ಬರು ಕೊಟ್ಟರು, ಮಾವಿನಹಣ್ಣಿನ ವಾಸನೆ, ಚೆನ್ನಾಗಿತ್ತು. ಮಾಮಾನ ಪ್ರಶ್ನೆಯಲ್ಲಾದರೂ ಒಂದು ಲೆಕ್ಕಾಚಾರ ಇತ್ತು, ದೊಡ್ಡ ವಿಷದ ಬದಲು ಸಣ್ಣ ವಿಷ. ನನ್ನದರಲ್ಲಿ ಅದೂ ಇಲ್ಲ. ಸೊನ್ನೆಯಿಂದ ವಿಷಕ್ಕೆ ಹೋದವನು ನಾನು.

ಅದಕ್ಕೇ ಕೊನೆಗೆ ಹೇಳಿದೆ, “ಬ್ಯಾಡ್ರಿ ಮಾಮಾ. ಬೀಡಿಗಿಂತ ಕಡಿಮಿ ಕೆಟ್ಟದ್ದು ಇರಬಹುದು. ಆದ್ರ ಈ ಮಾಲು ಎಲ್ಲಿಂದ ಬರ್ತದೋ ನನಗ ಗೊತ್ತಿಲ್ಲ. ಮತ್ತ ಬೀಡಿನೂ ಇದೂ ಎರಡೂ ಹತ್ತಿದ್ರ ಕೆಲಸ ಕೆಟ್ಟಿತು.” ಎದೆ ಡಾಕ್ಟರಿಗೆ ಎಚ್‌ಐವಿ ವಿಷಯ, ಬೀಡಿ ವಿಷಯ ಎರಡೂ ಹೇಳಿದೆವು. ಪುಣ್ಯಕ್ಕೆ ಕಫದಲ್ಲಿ ಕ್ಷಯ ಇರಲಿಲ್ಲ. ಗುಳಿಗೆಗೂ ನಿಕೋಟಿನ್ ಗಮ್‌ಗೂ ತೊಂದರೆ ಇಲ್ಲ ಅಂದರು. ತಂಬಾಕು ಬಿಡುವವರಿಗೆ ಸರಕಾರದ ಉಚಿತ ಫೋನ್ ಇದೆ, 1800-11-2356. ಅದಕ್ಕೂ ಮಾಡಿಸಿದೆ.

ಮೊನ್ನೆ ಫೋನ್ ಮಾಡಿದ್ದರು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದವರು ಈಗ ಐದಕ್ಕೆ ಇಳಿದಿದ್ದಾರೆ. ಗಮ್ ಬಾಯಿ ಉರಿಸುತ್ತೆ ಅಂತ ಬೈದರು. ಆಮೇಲೆ ಕೇಳಿದರು:

“ನಿಂದು?”

“ಹತ್ತೊಂಬತ್ತು ದಿನ ಆತ್ರಿ.”

“ಇಪ್ಪತ್ತು ಆದಮ್ಯಾಲೆ ಹೇಳು” ಅಂದು ಫೋನ್ ಇಟ್ಟರು.