ಮನೆಮಂದಿಯ ವ್ಯಾನು

ಕುಟುಂಬಕ್ಕೆ ವಾಹನ ಕೊಳ್ಳುವವರು ಕೇಳುವ ಪ್ರಶ್ನೆಗಳು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಎಷ್ಟು ಜನ ಕೂರಬಹುದು? ಸಾಮಾನು ಎಲ್ಲಿಡುವುದು? ವಯಸ್ಸಾದವರಿಗೆ ಹತ್ತಿ ಇಳಿಯಲು ಸಲೀಸೇ? ಬೆಲೆಯೆಷ್ಟು, ಲೀಟರಿಗೆ ಎಷ್ಟು ದೂರ ಓಡುತ್ತದೆ? ಅಪಘಾತವಾದರೆ ಒಳಗೆ ಕುಳಿತವರ ಗತಿಯೇನು ಎಂಬ ಪ್ರಶ್ನೆ ಬರುವುದು ಕೊನೆಗೆ. ಎಷ್ಟೋ ವೇಳೆ ಅದು ಬರುವುದೇ ಇಲ್ಲ. ಮಿನಿವ್ಯಾನ್ ಎಂಬ ವಾಹನದ ಚರಿತ್ರೆಯನ್ನು ಗಮನಿಸಿದರೆ, ಪ್ರಶ್ನೆಗಳ ಈ ಸರದಿ ಕೊಳ್ಳುವವರದು ಮಾತ್ರವಲ್ಲ, ತಯಾರಿಸಿದವರದೂ ಕಾನೂನು ರೂಪಿಸಿದವರದೂ ಆಗಿತ್ತೆಂಬುದು ತಿಳಿಯುತ್ತದೆ.

ವ್ಯಾನು ಮೊದಲು ಸರಕಿನ ಗಾಡಿ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯೊಳಗೆ ಸಾಮಾನು ಸಾಗಿಸಲು ಕಾರಿನ ಬಿಡಿಭಾಗಗಳಿಂದಲೇ ಮಾಡಿಕೊಂಡಿದ್ದ ಗಾಡಿಯೊಂದನ್ನು ಹಾಲೆಂಡಿನ ಕಾರು ವ್ಯಾಪಾರಿ ಬೆನ್ ಪೊನ್ ಕಂಡರು. 1947ರಲ್ಲಿ ಅವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಂಥ ವಾಹನವೊಂದರ ಚಿತ್ರ ಗೀಚಿದರು. 1950ರಲ್ಲಿ ಅದು ರಸ್ತೆಗಿಳಿಯಿತು. ಎಂಜಿನ್ ಹಿಂದೆ, ಡ್ರೈವರ್ ಮುಂದಿನ ಚಕ್ರಗಳ ಮೇಲೆ, ನಡುವೆಲ್ಲ ಜಾಗ. ಕಿಟಕಿ, ಸೀಟು ಇಟ್ಟ ಮಾದರಿ ದೊಡ್ಡ ಕುಟುಂಬಗಳಿಗೂ ಹಿಡಿಸಿತು. ಅಮೆರಿಕದ ಫೋರ್ಡ್, ಷೆವರ್ಲೆ ಕಂಪನಿಗಳೂ 1960ರ ದಶಕದ ಆರಂಭದಲ್ಲಿ ವ್ಯಾನುಗಳನ್ನು ತಂದವು. ಆದರೆ ಕಾಲ ಕಳೆದಂತೆ ಅಲ್ಲಿನ ವ್ಯಾನುಗಳು ದೊಡ್ಡವಾಗುತ್ತ ಹೋದವು. ಮನೆಯ ಗ್ಯಾರೇಜಿನೊಳಗೆ ಹೋಗದಷ್ಟು ಎತ್ತರ, ಓಡಿಸಿದರೆ ಲಾರಿಯ ಅನುಭವ.

ಈ ತೊಡಕನ್ನು ಬಿಡಿಸಲು ಹೊರಟವರಲ್ಲಿ ಫೋರ್ಡ್ ಕಂಪನಿಯಲ್ಲಿದ್ದ ಹಾಲ್ ಸ್ಪರ್ಲಿಚ್ ಪ್ರಮುಖರು. ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೇ ಹೋದರೆ ಹಿಂದಿನ ಚಕ್ರ ತಿರುಗಿಸುವ ಉದ್ದನೆಯ ದಂಡ ನೆಲದಡಿ ಬೇಕಿಲ್ಲ. ಆಗ ವಾಹನದ ನೆಲ ತಗ್ಗಿಗಿಳಿಯುತ್ತದೆ, ಮಟ್ಟಸವಾಗುತ್ತದೆ. ನೆಲ ತಗ್ಗಿದರೆ ಸೂರನ್ನೂ ತಗ್ಗಿಸಬಹುದು. ಫೋರ್ಡ್ ಆಡಳಿತಕ್ಕೆ ಇದು ರುಚಿಸಲಿಲ್ಲ. ಸ್ಪರ್ಲಿಚ್ ಕೆಲಸ ಕಳೆದುಕೊಂಡು 1977ರಲ್ಲಿ ಕ್ರೈಸ್ಲರ್ ಸೇರಿದರು. ಮರುವರ್ಷ ಫೋರ್ಡ್‌ನಿಂದ ಹೊರಬಿದ್ದ ಲೀ ಅಯಕೋಕಾ ಕೂಡ ಅಲ್ಲಿಗೇ ಬಂದರು. ಆಗ ಕ್ರೈಸ್ಲರ್ ದಿವಾಳಿಯ ಅಂಚಿನಲ್ಲಿತ್ತು. 1980ರ ಜನವರಿಯಲ್ಲಿ ಅಮೆರಿಕ ಸರ್ಕಾರ ಅದರ 150 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಲ್ಲಲು ಒಪ್ಪಿತು. 1983ರ ನವೆಂಬರ್ 2ರಂದು ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ ಮೊದಲ ಮಿನಿವ್ಯಾನ್ ಹೊರಬಂತು.

ಮನೆಬಳಕೆಯ ದೃಷ್ಟಿಯಿಂದ ಆ ವಾಹನವನ್ನು ಯೋಚಿಸಿಯೇ ಮಾಡಿದ್ದರು. ಎತ್ತರ ಐದೂವರೆ ಅಡಿಗೂ ಕಡಿಮೆ, ಹೀಗಾಗಿ ಗ್ಯಾರೇಜಿಗೆ ಹೊಂದುತ್ತಿತ್ತು. ಒತ್ತಾಗಿ ವಾಹನ ನಿಂತ ಕಡೆಯೂ ತೆರೆಯುವಂತೆ ಜಾರುವ ಬಾಗಿಲು. ಅದೂ ಮಕ್ಕಳು ರಸ್ತೆಯ ಕಡೆಗೆ ಇಳಿಯದಂತೆ ಪಾದಚಾರಿ ಹಾದಿಯ ಬದಿಗೆ ಮಾತ್ರ. ಹಿಂದಿನ ಸೀಟು ಕಳಚಿದರೆ ಸಾಮಾನಿಗೆ ಜಾಗ. ಮಿನಿವ್ಯಾನು ನೆಲೆಯೂರಿದ ಮೇಲೆ ಅಮೆರಿಕದ ಮನೆಗಳ ಮುಂದಿನಿಂದ ಸ್ಟೇಷನ್ ವ್ಯಾಗನ್ ಮೆಲ್ಲಗೆ ಮರೆಯಾಯಿತು.

ಆದರೆ ಕಾನೂನಿನ ಕಣ್ಣಿಗೆ ಅದು ಕಾರಾಗಿರಲಿಲ್ಲ. ಸೀಟು ಕಳಚಿದರೆ ಮಟ್ಟಸ ನೆಲ ಸಿಗುತ್ತದೆಂಬ ಕಾರಣಕ್ಕೆ ಇಂಧನ ನಿಯಮಗಳಲ್ಲಿ ಅದು ಹಗುರ ಟ್ರಕ್ಕುಗಳ ಸಾಲಿಗೆ ಸೇರಿತು. ಗೃಹಿಣಿಯರು ಮೆಚ್ಚಿದ ಅನುಕೂಲವೇ ಕಂಪನಿಗೆ ರಿಯಾಯಿತಿಯನ್ನೂ ಕೊಟ್ಟಿತು. ಸುರಕ್ಷತಾ ನಿಯಮಗಳಲ್ಲೂ ಅದು ಕಾರುಗಳ ಪಟ್ಟಿಯಿಂದ ಹೊರಗುಳಿಯಿತು. ಮುಂದಿನ ಸೀಟುಗಳಿಗೆ ತಲೆಯಾಸರೆ ಇರಲೇಬೇಕೆಂಬ ನಿಯಮ ಅಮೆರಿಕದ ಕಾರುಗಳಿಗೆ 1969ರಲ್ಲೇ ಬಂದಿದ್ದರೆ, ವ್ಯಾನುಗಳಿಗೆ ಬಂದದ್ದು 1991ರಲ್ಲಿ. ಹಿಂಬದಿಯ ಮೂರನೆಯ ಬ್ರೇಕ್ ದೀಪ 1986ರ ಮಾದರಿಯ ಕಾರುಗಳಿಂದ ಕಡ್ಡಾಯವಾಯಿತು. ವ್ಯಾನುಗಳ ಸರದಿ ಬರಲು ಇನ್ನೂ ಎಂಟು ವರ್ಷ ಹಿಡಿಯಿತು. ಕಂಪನಿಗಳು ಕೆಲವನ್ನು ತಾವಾಗಿಯೇ ಅಳವಡಿಸಿದ್ದೂ ಉಂಟು. ಆದರೂ ಮಕ್ಕಳನ್ನು ತುಂಬಿಕೊಂಡು ಹೋಗುವ ವಾಹನಕ್ಕೆ ಸರಕು ಸಾಗಿಸುವ ವಾಹನದ ನಿಯಮ ಎಂಬ ವಿಪರ್ಯಾಸ ಒಂದು ದಶಕ ನಡೆಯಿತು. ಅಪಘಾತದಲ್ಲಿ ಹಿಂಬಾಗಿಲಿನ ಚಿಲಕ ಬಿಚ್ಚಿಕೊಂಡು ಪ್ರಯಾಣಿಕರು ಹೊರಗೆ ಬೀಳುತ್ತಾರೆಂಬ ದೂರುಗಳು ಬಂದ ಮೇಲೆ, 1995ರಲ್ಲಿ ಕ್ರೈಸ್ಲರ್ ಸುಮಾರು 40 ಲಕ್ಷ ವ್ಯಾನುಗಳ ಚಿಲಕ ಬದಲಿಸಲು ಒಪ್ಪಬೇಕಾಯಿತು.

ಭಾರತದ ಕತೆ ಇದೇ ಹೊತ್ತಿಗೆ ಆರಂಭವಾಯಿತೆಂಬುದು ಗಮನಾರ್ಹ. ವಿಂಡ್ಸರ್‌ನಲ್ಲಿ ಮೊದಲ ಮಿನಿವ್ಯಾನ್ ಹೊರಬಂದ ಆರು ವಾರಗಳಲ್ಲಿ, 1983ರ ಡಿಸೆಂಬರ್ 14ರಂದು, ಮಾರುತಿ 800 ಕಾರು ಬಿಡುಗಡೆಯಾಯಿತು. 1984ರಲ್ಲಿ ಮಾರುತಿ ವ್ಯಾನ್ ಬಂತು. ಮುಂದೆ ಅದಕ್ಕೆ ಓಮ್ನಿ ಎಂಬ ಹೆಸರಾಯಿತು. ಕಾರಿನ 796 ಸಿ.ಸಿ. ಎಂಜಿನ್ನೇ ಇದಕ್ಕೂ, ಅದನ್ನು ಮುಂದಿನ ಸೀಟಿನಡಿ ಕೂರಿಸಿದ್ದರು. ಎರಡೂ ಕಡೆ ಜಾರುವ ಬಾಗಿಲು. ಎಂಟು ಜನ ಕೂರುವ ಮಾದರಿಯೂ ಇತ್ತು. ಕರ್ನಾಟಕದ ಊರೂರಲ್ಲೂ ಅದು ಶಾಲೆಯ ಮಕ್ಕಳನ್ನು ಹೊತ್ತಿತು, ಆಂಬುಲೆನ್ಸ್ ಆಯಿತು, ಮದುವೆಗೂ ಜಾತ್ರೆಗೂ ಬಾಡಿಗೆಗೆ ಓಡಿತು. ಸ್ಕೂಟರಿನ ಮೇಲೆ ನಾಲ್ವರು ಹೋಗುತ್ತಿದ್ದ ಕಾಲದಲ್ಲಿ, ಮಳೆ ಬಿಸಿಲು ತಾಗದಂತೆ ಇಡೀ ಮನೆಯನ್ನು ಕೂರಿಸಿಕೊಂಡು ಹೋದ ಗಾಡಿ ಅದು. ಅದರ ಗುಣದೋಷ ಎಣಿಸುವಾಗ ಈ ಮಾತನ್ನು ಮರೆಯಬಾರದು.

ದೋಷವೂ ಕಣ್ಣೆದುರೇ ಇತ್ತು. ಡ್ರೈವರನ ಮೊಣಕಾಲಿನ ಮುಂದೆ ಇದ್ದದ್ದು ತಗಡಿನ ಮೂತಿ ಮಾತ್ರ. ಬಾನೆಟ್ಟು, ಎಂಜಿನ್ನು ಮುಂದಿರುವ ಕಾರಿನಲ್ಲಿ ಡಿಕ್ಕಿಯ ಪೆಟ್ಟನ್ನು ಮುಂಭಾಗ ಕುಗ್ಗಿ ನುಂಗುತ್ತದೆ; ಇಲ್ಲಿ ಕುಗ್ಗಲು ಜಾಗವೇ ಇರಲಿಲ್ಲ. ಜಾಗ ಉಳಿಸಿದ ಉಪಾಯವೇ ರಕ್ಷಣೆಯನ್ನು ಕಸಿದಿತ್ತು. ಡಿಕ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮ ಭಾರತದಲ್ಲಿ ಹೊಸ ಮಾದರಿಗಳಿಗೆ 2017ರ ಅಕ್ಟೋಬರಿನಿಂದ, ಹಳೆಯ ಮಾದರಿಗಳಿಗೆ 2019ರ ಅಕ್ಟೋಬರಿನಿಂದ ಜಾರಿಗೆ ಬಂತು. ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಮೂವತ್ತೈದು ವರ್ಷ ಯಾರೂ ಕಡ್ಡಾಯವಾಗಿ ಕೇಳದಿದ್ದ ಪ್ರಶ್ನೆಯನ್ನು ಕೊನೆಗೂ ಕಾನೂನು ಕೇಳಿತ್ತು.

ದೊಡ್ಡ ಕುಟುಂಬದ ವಾಹನದ ಇನ್ನೊಂದು ಅಧ್ಯಾಯ ಬೆಂಗಳೂರಿನ ಪಕ್ಕದ ಬಿಡದಿಯದು. ಅಲ್ಲಿನ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದವು. ಮೂತಿ ಮುಂದಿತ್ತು, ಮೂರು ಸಾಲು ಸೀಟಿದ್ದವು. ಆದರೆ ಎರಡೂ ನಿಂತದ್ದು ಲಾರಿಗಿರುವಂಥ ಪ್ರತ್ಯೇಕ ಚಾಸಿಯ ಮೇಲೆ. ಕಾರಿನಂತೆ ಒಡಲೂ ಚಾಸಿಯೂ ಒಂದೇ ಆದ, ಮುಂದಿನ ಚಕ್ರಗಳಿಂದ ಓಡುವ ಇನ್ನೋವಾ ಹೈಕ್ರಾಸ್ ಬಂದದ್ದು 2022ರಲ್ಲಿ. ಸ್ಪರ್ಲಿಚ್‌ರ ಯೋಚನೆ ವಿಂಡ್ಸರ್‌ನಿಂದ ಬಿಡದಿಗೆ ಬರಲು ಮೂವತ್ತೊಂಬತ್ತು ವರ್ಷ ಬೇಕಾಯಿತು.

2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಯೋಜನೆಯಡಿ ಡಿಕ್ಕಿ ಪರೀಕ್ಷೆ ಮಾಡಿ ವಾಹನಗಳಿಗೆ ನಕ್ಷತ್ರಗಳ ಅಂಕ ಕೊಡಲಾಗುತ್ತಿದೆ. ಪರೀಕ್ಷೆಗೆ ಒಪ್ಪಿಸುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ಆದ್ದರಿಂದ ಕೇಳುವ ಹೊಣೆ ಕೊಳ್ಳುವವರ ಮೇಲೂ ಇದೆ. ಅಂಗಡಿಯಲ್ಲಿ ಎಲ್ಲರೂ ಮೊದಲು ಕೂತು ನೋಡುವುದು ಮುಂದಿನ ಸೀಟಿನಲ್ಲಿ. ನೋಡಬೇಕಾದದ್ದು ಕೊನೆಯ ಸಾಲು. ಅಲ್ಲಿ ಪ್ರತಿಯೊಬ್ಬರಿಗೂ ಹೆಗಲ ಮೇಲಿಂದ ಬರುವ ಬೆಲ್ಟ್ ಇದೆಯೇ, ತಲೆಯಾಸರೆ ಇದೆಯೇ, ಸೀಟಿಗೂ ಹಿಂಬಾಗಿಲಿಗೂ ನಡುವೆ ಎಷ್ಟು ಅಂತರ? ಹಿರಿಯರಿಗೆ ಕಾಲು ಚಾಚಲು ಜಾಗ ಸಾಲದ ಆ ಸಾಲಿನಲ್ಲಿ ಪ್ರತಿ ಮನೆಯೂ ಕೂರಿಸುವುದು ಎಲ್ಲರಿಗಿಂತ ಚಿಕ್ಕವರನ್ನು.