ಧಾತು ಈಶ್ವರದ ಬರವೂ ಪುಣೆಯ ಸಾರ್ವಜನಿಕ ಸಭೆಯೂ

ಹಳೆಯ ತಲೆಮಾರಿನವರ ಬಾಯಲ್ಲಿ ಬಹುಕಾಲ ಉಳಿದಿದ್ದ ‘ಧಾತು ಈಶ್ವರ’ದ ಬರವೆಂದರೆ 1876-78ರ ಮಹಾಕ್ಷಾಮ. 1871ರಲ್ಲಿ 50 ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತೆಂದರೆ ಅದರ ಉಗ್ರತೆಯನ್ನು ವಾಚಕರೇ ಊಹಿಸಬಹುದು.

ಮಳೆ ಹೋದದ್ದು ನಿಜ. ಸರಕಾರದ ಜಿಪುಣತನವೂ ಅಷ್ಟೇ ನಿಜ. 1873-74ರ ಬಿಹಾರದ ಕ್ಷಾಮದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದವನು ಸರ್ ರಿಚರ್ಡ್ ಟೆಂಪಲ್. ಹಣ ಪೋಲುಮಾಡಿದನೆಂಬ ಬೈಗುಳೇ ಅವನಿಗೆ ಸಿಕ್ಕ ಬಹುಮಾನ! 1877ರ ಆರಂಭದಲ್ಲಿ ದಕ್ಷಿಣಕ್ಕೆ ಬಂದಾಗ ಅವನು ಬೇರೆಯೇ ಮನುಷ್ಯ. ಬರಗಾಲದ ಕಾಮಗಾರಿಯ ಆಳಿಗೆ ದಿನಕ್ಕೊಂದು ಪೌಂಡು ಧಾನ್ಯ, ಮೇಲಿಷ್ಟು ಚಿಲ್ಲರೆ ಸಾಕೆಂದು ಗೊತ್ತುಮಾಡಿದ. ದುಡಿಯುವ ದೇಹಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪಟ್ಟುಹಿಡಿದು ವಾದಿಸಿದ.

ಮುಂಬಯಿ ಪ್ರಾಂತದಲ್ಲಿ ದನಿಯೆತ್ತಿದ್ದು 1870ರಲ್ಲಿ ಹುಟ್ಟಿದ ಪುಣೆಯ ಸಾರ್ವಜನಿಕ ಸಭೆ. ಅದರ ಕೈಕಾಲು ಗಣೇಶ ವಾಸುದೇವ ಜೋಶಿಯವರು. ಬುದ್ಧಿ ಮಹಾದೇವ ಗೋವಿಂದ ರಾನಡೆಯವರದು. ರಾನಡೆಯವರು ಸರಕಾರದ ನ್ಯಾಯಾಧೀಶರಾಗಿದ್ದುಕೊಂಡೇ ಇದನ್ನು ಮಾಡಿದರೆಂಬುದು ಸಣ್ಣ ಮಾತಲ್ಲ. ಸಭೆ ಸೋಲಾಪುರ, ನಮ್ಮ ಕಲಾದಗಿ ಮೊದಲಾದ ಜಿಲ್ಲೆಗಳಿಗೆ ತನ್ನ ಪ್ರತಿನಿಧಿಗಳನ್ನು ಅಟ್ಟಿತು. ಹಳ್ಳಿಗಳ ಸ್ಥಿತಿಯ ಬಗ್ಗೆ ಅವರು ಬರೆದು ಕಳಿಸಿದ ವಿವರಗಳನ್ನು ಕ್ರೋಡೀಕರಿಸಿ ಸರಕಾರಕ್ಕೆ ಮನವಿಯ ಮೇಲೆ ಮನವಿ ಸಲ್ಲಿಸಿತು. ಕಲೆಕ್ಟರರ ಕಾಗದಗಳಿಗೆ ಎದುರಾಗಿ ಪ್ರಜೆಗಳ ಕಡೆಯಿಂದ ಇನ್ನೊಂದು ಕಡತವೇ ಬೆಳೆಯಿತೆನ್ನಬೇಕು. ಕೂಲಿ ಇಳಿದಾಗ ಸಾವಿರಾರು ಮಂದಿ ಕಾಮಗಾರಿ ಬಿಟ್ಟು ಹೊರನಡೆದರು. ಹಸಿದವರ ಮುಷ್ಕರ! ಸಭೆ ಅವರ ಪಕ್ಷ ವಹಿಸಿತು. ಅದೇ 1877ರ ಜನವರಿಯ ಒಂದನೆಯ ತಾರೀಖು ವಿಕ್ಟೋರಿಯಾ ರಾಣಿ ಚಕ್ರವರ್ತಿನಿಯಾದಳೆಂದು ದಿಲ್ಲಿಯಲ್ಲಿ ದರ್ಬಾರು ನಡೆದಿತ್ತು. ಆ ಜರತಾರಿಯ ನಡುವೆ ಸಭೆಯ ಪ್ರತಿನಿಧಿ ಜೋಶಿಯವರು ಕೈನೂಲಿನ ಖಾದಿಯುಟ್ಟು ಕುಳಿತಿದ್ದರು.

ಹಸಿದವರಿಗೆಲ್ಲ ಅನ್ನವಿಕ್ಕುವಷ್ಟು ಹಣ ಸಭೆಯಲ್ಲಿರಲಿಲ್ಲ. ದೊಡ್ಡ ಹಣ ಬಂದದ್ದು, 1877ರ ಆಗಸ್ಟಿನಲ್ಲಿ ಮದರಾಸಿನ ಗವರ್ನರು ಇಂಗ್ಲೆಂಡಿನ ಜನರಲ್ಲಿ ಬೇಡಿದ ಮೇಲೆ, ಲಂಡನ್ನಿನ ಮ್ಯಾನ್ಷನ್ ಹೌಸ್ ನಿಧಿಯಿಂದ. ಬಿತ್ತನೆಯ ಬೀಜ, ಎತ್ತು, ಮನೆಯ ಸೂರು ಇವಕ್ಕೆ ಅದು ಒದಗಿತು. ಅಷ್ಟರಲ್ಲಿ ಲಕ್ಷಾಂತರ ಜನ ತೀರಿಹೋಗಿದ್ದರು.

1880ರ ಕ್ಷಾಮ ಆಯೋಗದ ವರದಿಯಿಂದ ಕ್ಷಾಮ ಸಂಹಿತೆ ಹುಟ್ಟಿತು. 1896ರಲ್ಲಿ ಮತ್ತೆ ಬರ. ಆಗ ಸಭೆ ತಿಲಕರ ಪಕ್ಷದ ಕೈಯಲ್ಲಿತ್ತು. ಸರಕಾರ ತಾನೇ ಬರೆದ ಆ ಸಂಹಿತೆಯಲ್ಲಿ ಏನಿದೆ, ರೈತ ಯಾವುದನ್ನು ಹಕ್ಕಿನಿಂದ ಕೇಳಬಹುದು ಎಂಬುದನ್ನು ಸಭೆಯ ಜನ ಹಳ್ಳಿಗಳಿಗೆ ಹೋಗಿ ಮರಾಠಿಯಲ್ಲಿ ತಿಳಿಸಿದರು. 1897ರಲ್ಲಿ ಮುಂಬಯಿ ಸರಕಾರ ಸಭೆಗಿದ್ದ ಮನ್ನಣೆಯನ್ನು ಕಿತ್ತುಕೊಂಡಿತು; ಸರಕಾರಕ್ಕೆ ಮನವಿ ಸಲ್ಲಿಸುವ ಅಧಿಕಾರ ಇನ್ನು ಅದಕ್ಕಿಲ್ಲವೆಂದು ಸಾರಿತು.